ಕರಿಚಿರತೆಗೆ ಕಿರೀಟ ಯಾಕೆ?

'ಬ್ಲ್ಯಾಕ್ ಪ್ಯಾಂಥರ್' ಸಿನಿಮಾದ ಎರಡನೇ ಭಾಗ 'ವಕಾಂಡ ಫಾರೆವರ್' 2022ರ ನವೆಂಬರ್‌ನಲ್ಲಿ ಬಂತು. ನಾವು ಗೆಳೆಯರು ಕೂಡಿ ನೋಡಿದೆವು. ನೋಡಿ ಎದ್ದಾಗ ನಮ್ಮಲ್ಲೇ ಎರಡು ಪಕ್ಷವಾಯಿತು. 'ಕಪ್ಪು ಜನ ರಾಣಿಯರಾಗಿ, ಸೇನಾನಿಗಳಾಗಿ, ವಿಜ್ಞಾನಿಗಳಾಗಿ ಪರದೆ ತುಂಬ ನಿಂತರಲ್ಲ, ಅಷ್ಟು ಸಾಕು, ಹುಳುಕು ಹುಡುಕಬೇಡಿ' ಅಂತ ಒಂದು ಪಕ್ಷ. 'ಸಾಕಾಗೋದಿಲ್ಲ' ಅಂತ ಇನ್ನೊಂದು. ಈ ಮಾತುಗಳು ಆ ಜಗಳದಿಂದಲೇ ಹುಟ್ಟಿದವು. ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಸಣ್ಣ ಮಾತು. ನಮ್ಮಂಥವರ ಮುಖ ಸಿಂಹಾಸನದ ಮೇಲೆ ಕಂಡರೆ ಸಿಂಹಾಸನದ ಪ್ರಶ್ನೆ ಮುಗಿದುಹೋಗುತ್ತದೆಯೇ? ಇದು ದೊಡ್ಡ ಮಾತು.

ಮೊದಲು ಸಂತೋಷದ ಲೆಕ್ಕ ಒಪ್ಪಿಸಿಬಿಡೋಣ. ಊರ ನಾಟಕಕ್ಕೆ ತಮಟೆ ಬಡಿಯಲು ಕರೆಸಿಕೊಂಡು, ಕಿರೀಟ ಕಟ್ಟುವಾಗ ದೂರ ನಿಲ್ಲಿಸಿದ್ದನ್ನು ಕಂಡ ನಮಗೆ, ಕಪ್ಪು ತಲೆಯ ಮೇಲಿನ ಕಿರೀಟ ಏನು ಮಾಡುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. 2018ರ ಮೊದಲ ಭಾಗ ಜಗತ್ತಿನಾದ್ಯಂತ 130 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಆ ದುಡ್ಡು ಡಿಸ್ನಿ ಕಂಪನಿಯ ತಿಜೋರಿಗೆ ಹೋಯಿತು, ನಿಜ. ಆದರೆ ಟಿಕೇಟು ಕೊಂಡ ಕರಿಯ ಮಕ್ಕಳು ಎದೆಯುಬ್ಬಿಸಿ ಮನೆಗೆ ಹೋದದ್ದೂ ಅಷ್ಟೇ ನಿಜ. ರಾಜನ ಪಾತ್ರ ಮಾಡಿದ್ದ ಚಾಡ್ವಿಕ್ ಬೋಸ್‌ಮನ್ 2020ರ ಆಗಸ್ಟಿನಲ್ಲಿ, 43ನೇ ವಯಸ್ಸಿಗೆ ಕ್ಯಾನ್ಸರಿನಿಂದ ತೀರಿಕೊಂಡ. ಎರಡನೇ ಭಾಗ ಶುರುವಾಗುವುದೇ ರಾಜನ ಸಾವಿನಿಂದ. ಬಿಳಿ ಬಟ್ಟೆ ತೊಟ್ಟು, ಕುಣಿಯುತ್ತ ಹಾಡುತ್ತ ಹೆಣ ಕಳಿಸಿಕೊಡುವ ಆ ಜನರ ದುಃಖ ಬರೀ ನಟನೆ ಅಂತ ನಮಗೆ ಅನಿಸಲಿಲ್ಲ. ನಮ್ಮ ಕೇರಿಯಲ್ಲೂ ಸಾವಿಗೆ ತಮಟೆ ಬೇಕು, ಕುಣಿತ ಬೇಕು.

ಇನ್ನು ಹೆಸರಿನ ಕಥೆ. ಈ ಹೆಸರು ನಮಗೂ ಸಂಬಂಧಪಟ್ಟದ್ದು.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಲೌಂಡ್ಸ್ ಅಂತ ಒಂದು ಜಿಲ್ಲೆ. ಅಲ್ಲಿ ನೂರಕ್ಕೆ ಎಂಬತ್ತು ಮಂದಿ ಕರಿಯರು. 1965ರ ಆರಂಭದಲ್ಲಿ ಮತಪಟ್ಟಿಯಲ್ಲಿ ಹೆಸರಿದ್ದ ಕರಿಯರು ಒಬ್ಬರೂ ಇಲ್ಲ. ಬಿಳಿಯರ ಹೊಲದಲ್ಲಿ ಪಾಲಿಗೆ ದುಡಿಯುವ ಆ ಜನ ಸಂಘ ಕಟ್ಟಿಕೊಂಡು, 1966ರ ಚುನಾವಣೆಗೆ ಕರಿಚಿರತೆಯನ್ನು ಗುರುತಾಗಿ ಇಟ್ಟುಕೊಂಡರು. ಯಾಕೆ ಗುರುತು ಬೇಕಿತ್ತು? ಓದು ಬಾರದವರೂ ನೋಡಿ ಓಟು ಹಾಕಲಿ ಅಂತ. ಹೆಬ್ಬೆಟ್ಟಿನವರ ಮಕ್ಕಳಾದ ನಮಗೆ ಈ ಸಂಗತಿ ಎದೆಗೆ ನಾಟುತ್ತದೆ. ಆ ಗುರುತನ್ನೇ ಎತ್ತಿಕೊಂಡು ಅದೇ ವರ್ಷ ಅಕ್ಟೋಬರಿನಲ್ಲಿ ಓಕ್ಲೆಂಡ್ ಶಹರದಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. 1969ರಲ್ಲಿ ಆ ಪಕ್ಷದವರು ಹಸಿದು ಶಾಲೆಗೆ ಹೋಗುವ ಮಕ್ಕಳಿಗೆ ಬೆಳಗಿನ ತಿಂಡಿ ಹಾಕತೊಡಗಿದರು. ಅದೇ ವರ್ಷ ಡಿಸೆಂಬರ್ 4ರಂದು ಶಿಕಾಗೋದಲ್ಲಿ ಪೋಲೀಸರು 21 ವರ್ಷದ ಫ್ರೆಡ್ ಹ್ಯಾಂಪ್ಟನ್‌ನನ್ನು ಮಲಗಿದ್ದ ಹಾಸಿಗೆಯಲ್ಲೇ ಗುಂಡಿಟ್ಟು ಕೊಂದರು. ಚಿರತೆ ಅಂದರೆ ಇದು. ಕಿರೀಟವಿಲ್ಲದ ಚಿರತೆ.

ಕಾಮಿಕ್ಸಿನ ಕರಿಚಿರತೆ ರಾಜ ಬಂದದ್ದೂ 1966ರಲ್ಲೇ, ಪಕ್ಷಕ್ಕಿಂತ ಕೆಲವು ತಿಂಗಳು ಮೊದಲು. ಪಕ್ಷದ ಹೆಸರು ಆಳುವವರ ಕಿವಿಗೆ ಸಿಡಿಲಾದಾಗ ಕಂಪನಿಯವರಿಗೆ ಮುಜುಗರವಾಯಿತು. 1972ರ ಒಂದು ಸಂಚಿಕೆಯಲ್ಲಿ ಆ ರಾಜ 'ಪ್ಯಾಂಥರ್' ಬಿಟ್ಟು 'ಲೆಪರ್ಡ್' ಅಂತ ಹೆಸರು ಬದಲಿಸಿಕೊಂಡ, ಸ್ವಲ್ಪ ಕಾಲದ ಮಟ್ಟಿಗೆ. ಅದೇ 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ್, ರಾಜಾ ಢಾಲೆ, ಜೆ.ವಿ. ಪವಾರ್ ಮೊದಲಾದ ತರುಣರು ದಲಿತ್ ಪ್ಯಾಂಥರ್ಸ್ ಕಟ್ಟಿದರು. ರಾಜ ನಾಚಿ ಬಿಟ್ಟ ಹೆಸರನ್ನು ಕೇರಿಯ ಹುಡುಗರು ನಾಚದೆ ಹೊತ್ತರು. ಈ ಲೆಕ್ಕ ತಿಳಿದ ಮೇಲೆ, ಸಿನಿಮಾ ನೋಡಿ ಸುಮ್ಮನೆ ಚಪ್ಪಾಳೆ ತಟ್ಟಲು ನಮ್ಮ ಕೈ ಏಳಲಿಲ್ಲ.

ಈಗ ಕಥೆಗೆ ಬರೋಣ. ವಕಾಂಡ ಯಾರಿಗೂ ಅಡಿಯಾಳಾಗದ ಆಫ್ರಿಕಾದ ರಾಜ್ಯ. ನೆಲದಲ್ಲಿ ವೈಬ್ರೇನಿಯಂ ಎಂಬ ಅಪೂರ್ವ ಲೋಹ. ರಾಜ ಸತ್ತ ಸುದ್ದಿ ತಿಳಿದು ಲೂಟಿಕೋರರು ಹೊಂಚು ಹಾಕುತ್ತಾರೆ. ಮಾಲಿ ದೇಶದಲ್ಲಿರುವ ವಕಾಂಡದ ಕೇಂದ್ರಕ್ಕೆ ನುಗ್ಗಿದ ಬಾಡಿಗೆ ಸೈನಿಕರನ್ನು ರಾಣಿ ರಮೋಂಡಾ ವಿಶ್ವಸಂಸ್ಥೆಯ ಸಭೆಯಲ್ಲೇ ಮಂಡಿಯೂರಿಸಿ, ಫ್ರಾನ್ಸಿನ ಮಾನ ಹರಾಜು ಹಾಕುತ್ತಾಳೆ. ಈ ದೃಶ್ಯಕ್ಕೆ 2023ರ ಫೆಬ್ರವರಿಯಲ್ಲಿ ಫ್ರಾನ್ಸಿನ ರಕ್ಷಣಾ ಸಚಿವರೇ ಸಿಟ್ಟಾಗಿ ಹೇಳಿಕೆ ಕೊಟ್ಟರು. ಚುಚ್ಚಿದ್ದು ಸರಿಯಾದ ಜಾಗಕ್ಕೇ ಅಂತಾಯಿತು.

ಆದರೆ ಚುಚ್ಚಿದ ಸೂಜಿಯನ್ನು ಸಿನಿಮಾ ಬೇಗ ಒಳಗಿಟ್ಟುಕೊಳ್ಳುತ್ತದೆ. ಸಮುದ್ರದಡಿ ತಲೋಕಾನ್ ಎಂಬ ಇನ್ನೊಂದು ರಾಜ್ಯ. ಅಲ್ಲಿಯೂ ಆ ಲೋಹವಿದೆ. ಅಲ್ಲಿಯವರು ಸ್ಪೇನಿನವರು ತಂದ ಸಿಡುಬಿಗೆ, ಅವರ ಹಿಂಸೆಗೆ ನೆಲ ಬಿಟ್ಟ ಮಾಯಾ ಜನರ ಸಂತತಿ. ಅವರ ಅರಸ ನಮೋರ್ ಬಾಲಕನಾಗಿದ್ದಾಗ ತಾಯಿಯನ್ನು ಮಣ್ಣು ಮಾಡಲು ದಡಕ್ಕೆ ಬರುತ್ತಾನೆ. ತನ್ನ ಜನ ಚಾಟಿಯೇಟು ತಿನ್ನುವುದನ್ನು ಕಂಡು ಆ ತೋಟಕ್ಕೇ ಬೆಂಕಿಯಿಡುತ್ತಾನೆ. ಸಾಯುವ ಪಾದ್ರಿ ಅವನನ್ನು 'ಪ್ರೀತಿಯಿಲ್ಲದ ಕೂಸು' ಅಂತ ಶಪಿಸುತ್ತಾನೆ. ಹುಡುಗ ಆ ಬೈಗುಳವನ್ನೇ ಹೆಸರು ಮಾಡಿಕೊಳ್ಳುತ್ತಾನೆ. ನಮಗೆ ಇವನು ಅಪರಿಚಿತನಲ್ಲ.

ಅಮೆರಿಕದವರು ಆ ಲೋಹ ಹುಡುಕುವ ಯಂತ್ರ ತಂದು ಸಮುದ್ರ ಕೆದಕುತ್ತಾರೆ. ಆಗ ಏನಾಗಬೇಕಿತ್ತು? ಎರಡು ಗಾಯಗೊಂಡ ಜನಾಂಗಗಳು ಕೂತು ಮಾತಾಡಬೇಕಿತ್ತು. ಆಗುವುದೇನು? ಯಂತ್ರ ಮಾಡಿದ ಕರಿಯ ಹುಡುಗಿಯನ್ನು ಕೊಲ್ಲಬೇಕೆಂದು ನಮೋರ್, ಕೊಡುವುದಿಲ್ಲವೆಂದು ವಕಾಂಡ. ವಕಾಂಡ ಮುಳುಗುತ್ತದೆ, ರಾಣಿ ಸಾಯುತ್ತಾಳೆ, ಕಡಲಿನ ನಡುವೆ ಕರಿಯರೂ ಮಾಯಾ ಜನರೂ ಒಬ್ಬರನ್ನೊಬ್ಬರು ತಿವಿದುಕೊಂಡು ಬೀಳುತ್ತಾರೆ. ಯಂತ್ರ ಇಳಿಸಿದವರ ಮೈಮೇಲೆ ಆ ಕಾಳಗದಲ್ಲಿ ಒಂದು ಗೀರೂ ಇಲ್ಲ. ಅಮೆರಿಕದ ಬೇಹುಗಾರಿಕೆಯ ಸಿ.ಐ.ಎ.ಯ ಒಬ್ಬ ಅಧಿಕಾರಿ ವಕಾಂಡದ ಪ್ರಾಣಮಿತ್ರ ಬೇರೆ. ನಿಜವಾದ ಆಫ್ರಿಕಾದಲ್ಲಿ ಆ ಸಂಸ್ಥೆ 1960ರಲ್ಲಿ ಕಾಂಗೋದ ಪ್ಯಾಟ್ರಿಸ್ ಲುಮುಂಬಾಗೆ ವಿಷವಿಕ್ಕುವ ಸಂಚು ಮಾಡಿತ್ತು. 1975ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೇ ಅದನ್ನು ಬಯಲಿಗೆಳೆಯಿತು.

ಇದು ಬರೀ ಸಿನಿಮಾ ಕಣ್ರೀ ಅಂತೀರಾ? ಆಗಲಿ. ಆದರೆ ಈ ಕಾಳಗ ನಮ್ಮಲ್ಲಿ ಸಿನಿಮಾ ಅಲ್ಲ. ಜಾತಿ ಅಂದರೆ ಮೆಟ್ಟಿಲು ಮೆಟ್ಟಿಲಾದ ಅಸಮಾನತೆ ಅಂತ ಅಂಬೇಡ್ಕರ್ ತೋರಿಸಿಕೊಟ್ಟರು. ಒಂದು ಮೆಟ್ಟಿಲು ಮೇಲಿರುವವನಿಗೆ ಕೆಳಗಿನವನನ್ನು ಒದೆಯುವ ಸುಖ ಸಿಕ್ಕಿರುವ ತನಕ ಅವನು ಮೇಲಕ್ಕೆ ನೋಡುವುದಿಲ್ಲ. ಎಡಗೈ, ಬಲಗೈ ಅಂತ ನಾವೇ ಒಬ್ಬರ ಅಂಗಳಕ್ಕೆ ಒಬ್ಬರು ಕಾಲಿಡದ ಊರುಗಳಿವೆ. ಸಿಗದ ಪಾಲು ಕೇಳುವವರ ಕೇಳಿಕೆ ನ್ಯಾಯವಾದದ್ದು. ಅದನ್ನು ಒಗ್ಗಟ್ಟಿನ ಹೆಸರಿನಲ್ಲಿ ಬಾಯಿ ಮುಚ್ಚಿಸಲು ನಾವು ಬರುತ್ತಿಲ್ಲ. ನಾವು ಕೇಳುವುದಿಷ್ಟೇ: ನಾವು ಹೊಡೆದಾಡುವಾಗ ದಡದಲ್ಲಿ ನಿಂತವರು ಯಾರು?

ಕೊನೆಗೆ ರಾಜಕುಮಾರಿ ಶೂರಿ, ತಾಯಿಯನ್ನು ಕೊಂದ ನಮೋರ್‌ನ ಎದೆಗೆ ಈಟಿ ಹಿಡಿದು, ಕೊಲ್ಲದೆ ಬಿಡುತ್ತಾಳೆ. ಸೇಡು ಬಿಡುವುದು ದೊಡ್ಡ ಗುಣ, ಒಪ್ಪಿದೆವು. ಆದರೆ ಒಬ್ಬಳ ಎದೆ ಕರಗಿದರೆ ಎರಡು ನಾಡಿನ ಜನ ಬದುಕಬೇಕು, ಕರಗದಿದ್ದರೆ ಸಾಯಬೇಕು, ಅದಕ್ಕೆ ನ್ಯಾಯ ಅನ್ನಬಹುದೇ? ಧಣಿಯ ಮನಸ್ಸು ಒಳ್ಳೆಯದಿದ್ದಾಗ ಜೀತದವನಿಗೂ ಹೊಟ್ಟೆತುಂಬ ಅನ್ನ ಸಿಕ್ಕೀತು. ಅದು ಕರುಣೆ. ಧಣಿಯ ಮನಸ್ಸು ಕೆಟ್ಟಾಗಲೂ ಕಿತ್ತುಕೊಳ್ಳಲಾಗದ್ದು ಹಕ್ಕು. ವಕಾಂಡದ ಹೊಲದವರನ್ನು, ತಲೋಕಾನಿನ ಬೆಸ್ತರನ್ನು ಈ ಸಿನಿಮಾ ಒಂದು ಮಾತೂ ಕೇಳುವುದಿಲ್ಲ. ಮೊದಲ ಭಾಗದಲ್ಲಿ ಒಬ್ಬನಾದರೂ ಕೇಳಿದ್ದ: ನಮ್ಮವರು ದಂಗೆಯೆದ್ದಾಗ ವಕಾಂಡ ಎಲ್ಲಿತ್ತು ಅಂತ. ಓಕ್ಲೆಂಡಿನ ಬೀದಿಯ ಆ ಕಿಲ್‌ಮಾಂಗರ್‌ನನ್ನು ಕೊಲೆಗಡುಕನನ್ನಾಗಿ ಮಾಡಿ ಕೊಂದರು. ಎರಡನೇ ಭಾಗದಲ್ಲಿ ಅವನು ಬರೀ ಕನವರಿಕೆಯಾಗಿ ಬಂದು ಹೋಗುತ್ತಾನೆ. ರಾಜಕಾರಣದಲ್ಲಿ ಭಕ್ತಿ ಹೊಕ್ಕರೆ ಅಧೋಗತಿಯೇ, ಅದರ ತುದಿ ಸರ್ವಾಧಿಕಾರ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದರು. ದೇವರು ನಮ್ಮ ಬಣ್ಣದವನಾದ ಮಾತ್ರಕ್ಕೆ ಆ ಎಚ್ಚರಿಕೆ ಸುಳ್ಳಾಗುವುದಿಲ್ಲ. ಅಂಬೇಡ್ಕರರ ಪಟಕ್ಕೆ ಹಾರ ಹಾಕಿ ಪುಸ್ತಕ ತೆರೆಯದ ನಮಗೂ ಅದು ಅನ್ವಯಿಸುತ್ತದೆ.

ಸಿನಿಮಾದ ಕಟ್ಟಕಡೆಗೆ ಹೈಟಿ ದೇಶದಲ್ಲಿ ಒಬ್ಬ ಪುಟ್ಟ ಹುಡುಗ. ತೀರಿಕೊಂಡ ರಾಜನ ಗುಟ್ಟಿನ ಮಗ. ಹೆಸರು ತೂಸಾಂ. ಇತಿಹಾಸದ ತೂಸಾಂ ಲೂವೆರ್ತ್ಯೂರ್ ಗುಲಾಮನಾಗಿ ಹುಟ್ಟಿದವನು. ಗುಲಾಮರ ದಂಡು ಕಟ್ಟಿ ಕಾದಾಡಿ, 1803ರಲ್ಲಿ ಫ್ರಾನ್ಸಿನ ಸೆರೆಮನೆಯಲ್ಲಿ ಸತ್ತ. ಮರುವರ್ಷ ಹೈಟಿ ಸ್ವತಂತ್ರವಾಯಿತು. 1825ರಲ್ಲಿ ಫ್ರಾನ್ಸ್, ಗುಲಾಮರನ್ನು ಕಳೆದುಕೊಂಡ ಒಡೆಯರ ನಷ್ಟಕ್ಕೆಂದು ಆ ಬಡದೇಶದ ಮೇಲೆ 15 ಕೋಟಿ ಫ್ರಾಂಕ್ ಹೇರಿತು. ಆ ಗುಲಾಮನ ಹೆಸರನ್ನು ಸಿನಿಮಾ ರಾಜಕುಮಾರನಿಗೆ ಇಟ್ಟಿತು, ನೋಡುವವರು ಕಣ್ಣೊರೆಸಿಕೊಂಡರು. ನಮ್ಮ ಕಣ್ಣೂ ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ.

ಆದರೆ ಗೆಳೆಯರೇ, ಪಾಲಿನ ಹೊಲದವರ ಗುರುತು ರಾಜನ ಮುಖವಾಡವಾಯಿತು. ಗುಲಾಮನ ಹೆಸರು ಯುವರಾಜನ ಪಾಲಾಯಿತು. ನಾಳೆ ಶಾಲೆಯಲ್ಲಿ ಮಕ್ಕಳು ಈ ಸಿನಿಮಾದ ಮಾತೆತ್ತಿದರೆ, ಬೈದು ಬಾಯಿ ಮುಚ್ಚಿಸಬೇಡಿ. ಅವರ ಖುಷಿ ಅವರಿಗಿರಲಿ. ಖುಷಿಯ ಜೊತೆಗೆ ಲೌಂಡ್ಸ್ ಜಿಲ್ಲೆಯ ಆ ಹೆಬ್ಬೆಟ್ಟಿನವರ ಕಥೆಯನ್ನೂ ಹೇಳಿ. ಓದು ಬಾರದವರು ಒಂದು ಚಿರತೆಯ ಚಿತ್ರ ನೋಡಿ ಓಟು ಹಾಕಲು ಸಾಲುಗಟ್ಟಿ ನಿಂತಿದ್ದರು, ಅವರಲ್ಲಿ ಯಾರ ತಲೆಯ ಮೇಲೂ ಕಿರೀಟ ಇರಲಿಲ್ಲ ಅಂತ ಹೇಳಿ.