ಮುಳುಗಿದ ಗುಡಿಗೆ ನಡೆದು ಹೋಗುವುದು

ಯಮಕನಮರಡಿ ಸೀಮೆಯ ಚಳಿಗೆ ಕೆರೆ ಹೆಪ್ಪುಗಟ್ಟುವುದಿಲ್ಲ. ನೀರು ನಿಂತ ಜಾಗದ ಮೇಲೆ ನಡೆಯಬೇಕೆಂದರೆ ಇಲ್ಲಿ ಬೇಸಿಗೆಯೇ ಬರಬೇಕು. ಘಟಪ್ರಭೆಯ ಹಿಡಕಲ್ ಜಲಾಶಯ ಇಳಿದಾಗ ಹುನ್ನೂರಿನ ವಿಠ್ಠಲ ಗುಡಿ ಹೊರಗೆ ಕಾಣುತ್ತದೆ. ಬಿರುಕುಬಿಟ್ಟ ಕೆಸರನ್ನು ತುಳಿದು ಜನ ಅಲ್ಲಿಗೆ ಹೋಗುತ್ತಾರೆ. ತಿಂಗಳುಗಟ್ಟಲೆ ದೀಪ, ಗಂಟೆ, ನೈವೇದ್ಯ ಯಾವುದೂ ಇಲ್ಲದ ಗುಡಿಯಲ್ಲಿ ದೇವರಿದ್ದಾನೆಯೇ?

ಕಲ್ಲಿನ ಗುಡಿಯನ್ನು ನೆಚ್ಚಬೇಡಿ ಎಂದವರು ಶರಣರು. ಜಲಾಶಯದ ನೀರಿಗೆ ಊರೇ ಎದ್ದುಹೋದ ಮೇಲೆ ಈ ಗೋಡೆಗಳಿಗೇಕೆ ಕೈಮುಗಿಯಬೇಕೆಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಹುನ್ನೂರು ಅದೇ ಮಾತಿಗೆ ಸಾಕ್ಷಿ ನುಡಿಯುತ್ತದೆ ಎಂದೇ ನನ್ನ ವಾದ: ನಿತ್ಯಪೂಜೆ ನಿಂತರೂ ಭಕ್ತಿ ನಿಲ್ಲಲಿಲ್ಲವೆಂದರೆ, ಅದು ಕಲ್ಲಿನಲ್ಲಿರಲಿಲ್ಲ, ನಡೆಯುವ ಕಾಲಿನಲ್ಲಿತ್ತು. ಬರುವವರಲ್ಲಿ ಬರೀ ನೋಡುವವರೂ ಇದ್ದಾರೆ, ನಿಜ. ಪೂಜಾರಿಯಿಲ್ಲದ ಹೊಸ್ತಿಲ ಮುಂದೆಯೂ ಚಪ್ಪಲಿ ಬಿಡುವವರನ್ನು ಮಾತ್ರ ಕುತೂಹಲ ಕರೆತಂದಿಲ್ಲ.