ನೈಮಿಷದ ಸತ್ರವೂ ನಮ್ಮೂರಿನ ಕಟ್ಟೆಯೂ
(ಏಕಾದಶಿಯ ರಾತ್ರಿ ನಡೆದ ಉಪನ್ಯಾಸದ ಸಾರ)



ಶ್ರೀಮದ್ಭಾಗವತದ ಶ್ರವಣ ಎಲ್ಲಿ ನಡೆಯಿತೆಂದು ಕೇಳಿದರೆ ನಮ್ಮ ಮನೆಯ ಮಕ್ಕಳು ಸಹ ನೈಮಿಷಾರಣ್ಯವೆಂದು ಥಟ್ಟನೆ ಹೇಳಿಯಾರು. ಆದರೆ ಅದು ಎಂಥ ಸ್ಥಳವೆಂದು ನಾವು ಯೋಚಿಸುವುದು ಕಡಿಮೆ. ಅದು ಯಾರೊಬ್ಬರ ಮನೆಯಲ್ಲ, ಯಾರೊಬ್ಬರ ಜೀವನೋಪಾಯದ ತಾಣವೂ ಅಲ್ಲ. ಶೌನಕಾದಿ ಮುನಿಗಳು ಸಾವಿರ ವರ್ಷಗಳ ಸತ್ರವನ್ನು ಸಂಕಲ್ಪಿಸಿ ಕುಳಿತ ಸ್ಥಳವದು. ಅಲ್ಲಿ ಒಂದು ದಿನ ಪ್ರಾತಃಕಾಲದ ಹೋಮ ಮುಗಿದ ಮೇಲೆ ಮುನಿಗಳು ಸೂತರನ್ನು ಸತ್ಕರಿಸಿ ಕುಳ್ಳಿರಿಸಿ ಪ್ರಶ್ನೆ ಕೇಳಿದರು. ಕರ್ಮ ಮುಗಿದಿತ್ತು, ಬಿಡುವಿತ್ತು, ಕೂರಲು ಜಾಗವಿತ್ತು. ಹದಿನೆಂಟು ಸಾವಿರ ಶ್ಲೋಕಗಳ ಗ್ರಂಥವು ಆ ಬಿಡುವಿನಲ್ಲಿ ಕಿವಿಯಿಂದ ಕಿವಿಗೆ ಇಳಿಯಿತು.

ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ ಎಂಬುವರು 1989ರಲ್ಲಿ ಈ ವಿಷಯವಾಗಿ ಒಂದು ಪುಸ್ತಕ ಬರೆದರು. ಮನುಷ್ಯನಿಗೆ ಮನೆ ಮೊದಲನೆಯ ಸ್ಥಳ, ದುಡಿಯುವ ಜಾಗ ಎರಡನೆಯದು. ಇವೆರಡೂ ಅಲ್ಲದ ಮೂರನೆಯದೊಂದು ಇಲ್ಲದಿದ್ದರೆ ನಗರವಾಸಿಯು ಒಳಗೊಳಗೇ ಒಣಗುತ್ತಾನೆಂಬುದು ಅವರ ವಾದ. ಕಾಫಿಯ ಅಂಗಡಿ, ಪುಸ್ತಕದ ಅಂಗಡಿ, ಕ್ಷೌರದ ಅಂಗಡಿಗಳನ್ನು ಅವರು ಉದಾಹರಿಸುತ್ತಾರೆ. ಕರೆಯದೆ ಹೋಗಬಹುದಾದ, ಕೆಲಸವಿಲ್ಲದೆ ಕೂರಬಹುದಾದ, ಅಂತಸ್ತನ್ನು ಹೊರಗಿಟ್ಟು ಮಾತನಾಡಬಹುದಾದ ಸ್ಥಳ ಎಂಬುದು ಅದರ ಲಕ್ಷಣ. ಇದನ್ನು ಓದಿದಾಗ ನನಗೆ ನಗು ಬಂತು. ಇದು ನಮ್ಮ ಅರಳಿಕಟ್ಟೆಯಲ್ಲವೇ? ಆದರೆ ನಗು ಬೇಗನೆ ನಿಂತಿತು. ಆ ಕಟ್ಟೆ ಈಗ ಎಲ್ಲಿದೆ?

ಚಳ್ಳಕೆರೆಯ ಹಳೆಯ ಬೀದಿಗಳಲ್ಲಿ ಮನೆಯ ಮುಂದೆ ಜಗಲಿಯಿರುತ್ತಿತ್ತು. ಶೇಂಗಾ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ, ಎಣ್ಣೆಯ ಮಿಲ್ಲುಗಳಿಂದಾಗಿ ಈ ಊರಿಗೆ ಮುಂಬಯಿಯ ನಂತರದ ಸ್ಥಾನವನ್ನು ಜನ ಹೇಳುತ್ತಿದ್ದ ಕಾಲದಲ್ಲಿ, ದಲ್ಲಾಳಿಯೂ ಗಾಡಿಯವನೂ ಶಾಲೆಯ ಮೇಷ್ಟರೂ ಒಂದೇ ಜಗಲಿಯ ನೆರಳಲ್ಲಿ ಕೂರುತ್ತಿದ್ದರು. ಜಗಲಿಯೆಂಬುದು ವಿಚಿತ್ರ ಸ್ಥಳ. ಕಟ್ಟಿಸಿದವನು ಮನೆಯ ಯಜಮಾನ, ಕೂರುವ ಹಕ್ಕು ದಾರಿಹೋಕನದು. ಬೀದಿ ಅಗಲವಾಯಿತು, ಜಗಲಿ ಹೋಯಿತು. ಉಳಿದಲ್ಲಿ ಕಾಂಪೌಂಡು ಎದ್ದಿತು, ಒಳಗೆ ಕಾರು ನಿಂತಿತು. ಮಿಲ್ಲುಗಳಲ್ಲಿ ಅನೇಕವು ಮುಚ್ಚಿದವು. ಅವುಗಳ ಮುಂದಿನ ಬೇವಿನಮರದ ಅಡಿಯ ಹರಟೆಯೂ ಮುಚ್ಚಿತು. ಈಚೆಗೆ ಕುದಾಪುರದ ಕಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವೂ ಇತರ ಸಂಸ್ಥೆಗಳೂ ಬಂದಿವೆ. ದನ ಮೇಯಿಸುವವರು ಕೂಡುತ್ತಿದ್ದ ಅಮೃತಮಹಲ್ ಕಾವಲಿನ ಬಹುಭಾಗಕ್ಕೆ ಬೇಲಿ ಬಿದ್ದಿದೆ. ದೂರದ ಊರುಗಳಿಂದ ಬಂದು ಬಾಡಿಗೆಗೆ ಇರುವ ಯುವಕರಿಗೆ ಕೋಣೆಯೊಂದು, ಕಛೇರಿಯೊಂದು. ಅವರಿಗೆ ಮೂರನೆಯದು ಎಲ್ಲಿದೆಯೆಂದು ನಮ್ಮಲ್ಲಿ ಯಾರೂ ಕೇಳಿಲ್ಲ.

ಮೊಳಕಾಲ್ಮೂರಿನ ವಿಷಯ ಇನ್ನೂ ಸೂಕ್ಷ್ಮ. ಅಲ್ಲಿಯ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ನಮ್ಮ ಮನೆಗಳ ಮದುವೆಗಳಲ್ಲಿ ಅದನ್ನುಟ್ಟವರು ಎಷ್ಟೋ ಮಂದಿ. ಆ ಸೀರೆ ನೇಯುವ ಮಗ್ಗ ಬಹುಮಟ್ಟಿಗೆ ಮನೆಯೊಳಗೇ ಇರುತ್ತದೆ. ನೇಕಾರನು ಗುಂಡಿಯಲ್ಲಿ ಕಾಲಿಳಿಸಿ ಕುಳಿತಲ್ಲಿಂದ ಅಡುಗೆಮನೆಯ ಒಗ್ಗರಣೆಯ ವಾಸನೆ ಬರುತ್ತದೆ, ಮಗು ಅತ್ತರೆ ಕೇಳುತ್ತದೆ. ಓಲ್ಡನ್‌ಬರ್ಗರ ಲೆಕ್ಕದಲ್ಲಿ ಅವನಿಗೆ ಮೊದಲನೆಯದೂ ಎರಡನೆಯದೂ ಒಂದೇ. ಅಂಥವನು ಸಂಜೆ ಬೆನ್ನು ನೆಟ್ಟಗೆ ಮಾಡಿಕೊಂಡು ಬೀದಿಗೆ ಬಂದಾಗ ಕೂರಲೊಂದು ಕಟ್ಟೆಯಿಲ್ಲದಿದ್ದರೆ, ಅವನ ಪ್ರಪಂಚವು ಮಗ್ಗದಷ್ಟೇ ಆಯಿತು. ನೇಯ್ಗೆಯಲ್ಲಿ ಹಾಸು ಹೊಕ್ಕು ಎರಡೂ ಬೇಕೆಂದು ಅವನಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಇನ್ನು ನಮ್ಮ ದೇವಸ್ಥಾನಗಳ ಮಾತು. ಇಲ್ಲಿ ನಾನು ಪರರ ಮೇಲೆ ದೋಷ ಹೊರಿಸದೆ ನನ್ನದನ್ನೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಒಂದು ಗುಡಿಗೆ ವೃದ್ಧರೊಬ್ಬರು ದಿನವೂ ಬರುತ್ತಿದ್ದರು. ಪತ್ನಿ ತೀರಿಕೊಂಡಿದ್ದರು, ಮಕ್ಕಳು ಹೊರದೇಶದಲ್ಲಿದ್ದರು. ತೀರ್ಥ ತೆಗೆದುಕೊಂಡ ಮೇಲೂ ಕಂಬಕ್ಕೊರಗಿ ಕೂತೇ ಇರುತ್ತಿದ್ದರು. ಹನ್ನೊಂದು ಹೊಡೆದೊಡನೆ ನಾನು ಬೀಗದ ಕೈ ಗಿಲಕಿಸುತ್ತಾ, “ರಾಯರೇ, ಬಾಗಿಲು ಹಾಕಬೇಕು, ಏಳುತ್ತೀರಾ?” ಎನ್ನುತ್ತಿದ್ದೆ. ಅವರು “ಆಗಲಿ ಆಚಾರ್ಯರೇ, ಆಗಲಿ” ಎಂದು ಮಂಡಿ ಹಿಡಿದುಕೊಂಡು ಏಳುತ್ತಿದ್ದರು. ಒಂದು ದಿನ ಮಾತ್ರ, “ಮನೆಯಲ್ಲಿ ಮಾತಾಡಿಸುವುದಕ್ಕೆ ಗೋಡೆ ಇದೆ. ಇಲ್ಲಿ ಕೂತರೆ ಯಾರಾದರೂ ಬರುತ್ತಾರೆ ಅಂತ” ಎಂದರು. ನಾನು ನಕ್ಕು ಬೀಗ ಹಾಕಿದೆ. ಅವರು ಬರುವುದು ನಿಂತ ಮೂರನೆಯ ದಿನ ವಿಚಾರಿಸಲು ಹೋದರೆ ಕಾಲ ಮೀರಿತ್ತು. ಮಧ್ಯಾಹ್ನದ ಆ ನಾಲ್ಕು ಗಂಟೆಗಳ ಬೀಗ ಸ್ವಾಮಿಯ ವಿಶ್ರಾಂತಿಗೆಂದು ಹಾಕಿದ್ದಲ್ಲ. ಗರ್ಭಗುಡಿಯ ಬಾಗಿಲು ಬೇರೆ, ಪ್ರಾಕಾರದ ಬಾಗಿಲು ಬೇರೆ. ಪ್ರಾಕಾರದ ಬೀಗ ನನ್ನ ಅನುಕೂಲಕ್ಕಾಗಿ ಇತ್ತು.

ಆ ದಿನಗಳಿಂದ ದಶಮಸ್ಕಂಧದ ಉತ್ತರಾರ್ಧದಲ್ಲಿ ಬರುವ ಒಂದು ಕಥೆ ನನ್ನನ್ನು ಕಾಡುತ್ತಿದೆ. ಬಲರಾಮದೇವರು ತೀರ್ಥಯಾತ್ರೆಯಲ್ಲಿ ನೈಮಿಷಕ್ಕೆ ಬಂದರು. ಮುನಿಗಳೆಲ್ಲ ಎದ್ದು ಪೂಜಿಸಿದರು. ಸೂತ ರೋಮಹರ್ಷಣರು ಮಾತ್ರ ಉನ್ನತಾಸನದಲ್ಲಿ ಕುಳಿತೇ ಇದ್ದರು. ಏಳಲಿಲ್ಲ, ಕೈ ಮುಗಿಯಲಿಲ್ಲ. ಬಲರಾಮದೇವರು ಕೋಪದಿಂದ ಕೈಯಲ್ಲಿದ್ದ ದರ್ಭೆಯ ತುದಿಯಿಂದಲೇ ಅವರನ್ನು ಸಂಹರಿಸಿದರು. ಆಗ ಮುನಿಗಳು ಹಾಹಾಕಾರ ಮಾಡಿ ನಿವೇದಿಸಿಕೊಂಡ ಮಾತನ್ನು ಗಮನಿಸಬೇಕು. ಈ ಬ್ರಹ್ಮಾಸನವನ್ನು ಅವರಿಗೆ ಕೊಟ್ಟವರು ನಾವು. ಸತ್ರ ಮುಗಿಯುವ ತನಕ ಶ್ರಮವಿಲ್ಲದ ಆಯುಸ್ಸನ್ನೂ ನಾವೇ ಕೊಟ್ಟಿದ್ದೆವು ಎಂದರು. ಜನ್ಮದಿಂದ ಅವರು ಪ್ರತಿಲೋಮಜರು. ಆಸನವು ಸಭೆ ಕೊಟ್ಟದ್ದು. ಸಭೆ ಕೊಟ್ಟ ಆಸನಕ್ಕೆ ಇಷ್ಟು ಬೆಲೆ. ಸಾಕ್ಷಾತ್ ಶೇಷಾವತಾರಿಗಳು ಆ ಮಾತನ್ನು ತಳ್ಳಿಹಾಕಲಿಲ್ಲ. ಲೋಕಕ್ಕೆ ದಾರಿ ತೋರಿಸಲು ಪ್ರಾಯಶ್ಚಿತ್ತ ಕೈಗೊಂಡರು, ಸೂತರ ಮಗ ಉಗ್ರಶ್ರವಸರಿಗೆ ಅದೇ ಆಸನವನ್ನು ಕೊಡಿಸಿದರು, ಪರ್ವಪರ್ವಕ್ಕೂ ಬಂದು ಯಜ್ಞವನ್ನು ಮಲಿನಗೊಳಿಸುತ್ತಿದ್ದ ಬಲ್ವಲನನ್ನು ಕೊಂದರು. ಕೂತವನನ್ನು ಎಬ್ಬಿಸುವ ಮುನ್ನ ಅವನನ್ನು ಕೂರಿಸಿದವರು ಯಾರೆಂದು ಕೇಳಬೇಕಾಗಿತ್ತು. ನಾನು ಕೇಳಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ; ಉಪನ್ಯಾಸದ ನಡುವೆ ಹಿರಿಯರೊಬ್ಬರು ಎತ್ತಿಯೂ ಬಿಟ್ಟರು. “ತಾರತಮ್ಯವು ನಮ್ಮ ಸಿದ್ಧಾಂತದ ಬೆನ್ನೆಲುಬು. ಕಟ್ಟೆಯ ಮೇಲೆ ಎಲ್ಲರೂ ಸಮಾನರೆಂದರೆ ಅದು ಸಿದ್ಧಾಂತವಿರೋಧವಲ್ಲವೇ?” ಪ್ರಶ್ನೆ ಸರಿಯಾದದ್ದೇ. ಶ್ರೀಮದಾಚಾರ್ಯರು ಹೇಳಿದ ತಾರತಮ್ಯವು ಜೀವರ ಸ್ವರೂಪದಲ್ಲಿರುವುದು. ಮುಕ್ತಿಯಲ್ಲಿಯೂ ಅಳಿಯದ ಆ ಭೇದವನ್ನು ಶ್ರೀಹರಿಯು ಬಲ್ಲ, ಅವನ ಅನುಗ್ರಹದಿಂದ ವಾಯುದೇವರು ಬಲ್ಲರು. ಪಿಂಚಣಿಯ ಮೊತ್ತವನ್ನೂ ಶಲ್ಯದ ಜರಿಯನ್ನೂ ನೋಡಿ ನಾವು ಅಳೆಯುವುದಕ್ಕೂ ಅದಕ್ಕೂ ಯಾವ ಸಂಬಂಧವಿದೆ? ಪಕ್ಕದಲ್ಲಿ ಕುಳಿತವನ ಯೋಗ್ಯತೆ ನನಗೆ ತಿಳಿಯದು. ತಿಳಿಯದ್ದರಿಂದಲೇ ನಾನು ಸರಿದು ಜಾಗ ಕೊಡಬೇಕು. ವ್ಯಾಸರಾಯರ ಸಭೆಯಲ್ಲಿ ಕನಕದಾಸರಿಗೆ ಸ್ಥಾನ ದೊರೆತಾಗ ಗೊಣಗಿದವರಿದ್ದರೆಂದು ನಮ್ಮ ಸಂಪ್ರದಾಯವೇ ಹೇಳುತ್ತದೆ. ಗೊಣಗಿದವರ ಹೆಸರನ್ನು ಇಂದು ಯಾರೂ ಬಲ್ಲವರಿಲ್ಲ.

ಹಳೆಯ ಕಟ್ಟೆಯನ್ನು ಹೊಗಳುವಾಗ ನಾವು ಮರೆಮಾಚುವ ಸಂಗತಿಯೊಂದನ್ನೂ ಹೇಳಬೇಕು. ಆ ಜಗಲಿಯಲ್ಲಿ ಕೂತವರೆಲ್ಲ ಗಂಡಸರು. ದಾರಿಯಲ್ಲಿ ಹೋಗುವಾಗ ಅದರ ಮುಂದೆ ತಲೆತಗ್ಗಿಸಿ ನಡೆದವರೂ ಇದ್ದರು, ಅದರ ಕೆಳಗೇ ನಿಂತು ಮಾತು ಮುಗಿಸಿದವರೂ ಇದ್ದರು. ಹೆಂಗಸರ ಕಟ್ಟೆಯೆಂದರೆ ಸೇದುವ ಬಾವಿಯ ಕಟ್ಟೆ. ಮನೆಗೆ ನಲ್ಲಿ ಬಂದಿತು, ರಟ್ಟೆಯ ನೋವು ಹೋಯಿತು, ಸಂತೋಷವೇ. ಆದರೆ ಅತ್ತೆಯ ಮಾತನ್ನೂ ಮಗುವಿನ ಕೆಮ್ಮನ್ನೂ ಹೇಳಿಕೊಳ್ಳುತ್ತಿದ್ದ ಅರ್ಧ ಗಳಿಗೆಯೂ ಅದರ ಜೊತೆಗೇ ಹೋಯಿತು. ಭಜನಾಮಂಡಳಿಯೊಂದೇ ಈಗ ಉಳಿದಿರುವುದು. ಲಕ್ಷ್ಮೀಶೋಭಾನೆ ಹೇಳಲು ಸೇರಿದ ತಾಯಂದಿರು ಮಂಗಳಾರತಿಯ ಮೇಲೆ ಒಂದು ಗಂಟೆ ಮಾತನಾಡಿದರೆ ಹುಬ್ಬು ಗಂಟಿಕ್ಕುವವರಿದ್ದಾರೆ. ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಭಗವಂತನು ತನ್ನ ಭಕ್ತರು ಪರಸ್ಪರ ತಿಳಿಯಪಡಿಸುತ್ತಾ, ಮಾತಾಡುತ್ತಾ, ಸಂತೋಷಪಡುತ್ತಾರೆಂದು ಹೇಳುತ್ತಾನೆ. ಪರಸ್ಪರವೆಂದ ಮೇಲೆ ಒಬ್ಬರು ಹೇಳಿ ಉಳಿದವರು ಮನೆಗೆ ಓಡುವುದಲ್ಲ. ನನ್ನ ಈ ಉಪನ್ಯಾಸಕ್ಕೂ ಅದು ಅನ್ವಯಿಸುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವುದನ್ನು ತಾವು ಬಲ್ಲಿರಿ. ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಅವೇ ಮಾತುಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅವುಗಳನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅಶೋಕನ ಮತಕ್ಕೂ ನಮ್ಮ ಸಿದ್ಧಾಂತಕ್ಕೂ ಹೊಂದಿಕೆಯಿಲ್ಲ. ಅದು ಬೇರೆ ವಿಚಾರ. ಆದರೆ ತಂದೆತಾಯಿಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಗುರುವಿನಲ್ಲಿ ಗೌರವ ಎಂದು ಆ ಬಂಡೆ ಹೇಳುವುದು ನಮಗೆ ಪರಕೀಯವಲ್ಲ. ಶ್ರೇಯಸ್ಸು ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಿಸಿದರೆ ಸಣ್ಣವರಿಗೂ ದೊರಕುವುದೆಂದೂ ಅದರಲ್ಲಿದೆ. ಕೆತ್ತಿದ ಲಿಪಿಕಾರ ಚಪಡನು ತನ್ನ ಹೆಸರನ್ನೂ ಬಿಟ್ಟುಹೋಗಿದ್ದಾನೆ. ಬಂಡೆಯ ಮೇಲೆ ಅಕ್ಷರ ಕೆತ್ತಿಸಿದವನು, ಓದಬಲ್ಲವನೊಬ್ಬ ಬಂದಾನು, ಸುತ್ತ ನಿಂತು ಕೇಳುವವರು ನಾಲ್ಕು ಮಂದಿ ಸೇರಿಯಾರು ಎಂದು ನಂಬಿದ್ದಿರಬೇಕು. ಎರಡು ಸಾವಿರ ವರ್ಷಗಳಿಗೂ ಹಿಂದೆ ಈ ಕಲ್ಲುಗುಡ್ಡಗಳ ನಡುವೆ ಅಂಥದೊಂದು ಜಾಗವಿತ್ತು. ನಮ್ಮ ದಾಸವರೇಣ್ಯರಲ್ಲಿ ವಿಜಯದಾಸರ ನೆನಪು ಚಿಪ್ಪಗಿರಿಯಲ್ಲಿ ಇಂದಿಗೂ ನಿಂತಿರುವುದು ಕಟ್ಟೆಯೆಂಬ ಹೆಸರಿನಲ್ಲಿಯೇ. ಕಾರ್ತೀಕ ಶುದ್ಧ ದಶಮಿಯ ಆರಾಧನೆಗೆ ಹೋಗಿಬಂದವರು, ಅಲ್ಲಿ ಎಷ್ಟು ಹೊತ್ತು ಕೂತೆವೆಂದೇ ತಿಳಿಯಲಿಲ್ಲವೆಂದು ಹೇಳುವುದನ್ನು ಕೇಳಿದ್ದೇನೆ.

ಆದುದರಿಂದ ಒಂದು ಬಿನ್ನಹ. ಬರುವ ಚಾತುರ್ಮಾಸ್ಯದ ಮೊದಲ ದಿನದಿಂದ ನಮ್ಮ ಗುಡಿಯ ಪ್ರಾಕಾರದ ಉತ್ತರದ ಮಂಟಪವನ್ನು ಮಧ್ಯಾಹ್ನವೂ ತೆರೆದಿಡೋಣ. ನಾಲ್ಕು ಬೆಂಚು, ಒಂದು ಹರವಿ ತಣ್ಣೀರು, ಎರಡು ದಿನಪತ್ರಿಕೆ ಸಾಕು. ಪ್ರವಚನವಿಲ್ಲ, ಚಂದಾ ಇಲ್ಲ, ಗೋತ್ರ ಕೇಳುವವರಿಲ್ಲ. ಬೀದಿಯ ಕಡೆಗೆ ತೆರೆಯುವ ಚಿಕ್ಕ ಬಾಗಿಲಿನಿಂದ ಯಾರು ಬೇಕಾದರೂ ಬರಬಹುದು. ಹನ್ನೊಂದರಿಂದ ಮೂರರವರೆಗೆ ಅಲ್ಲಿ ಒಬ್ಬರು ಇರಬೇಕಾಗುತ್ತದೆ. ಸೋಮವಾರ ಮತ್ತು ಗುರುವಾರ ನಾನಿರುತ್ತೇನೆ. ಉಳಿದ ಐದು ದಿನಗಳಿಗೆ ಯಾರಾದರೂ ಮುಂದೆ ಬಂದರೆ, ಬೀಗದ ಕೈಯನ್ನು ಇಂದೇ ಅವರ ವಶಕ್ಕೆ ಕೊಡುತ್ತೇನೆ.

॥ ಶ್ರೀಕೃಷ್ಣಾರ್ಪಣಮಸ್ತು ॥