ಸೋಲುವ ತಂಡದ ಬೆನ್ನ ಹಿಂದೆ

2012ರ ಆಗಸ್ಟ್ 18ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಐಬ್ರಾಕ್ಸ್ ಮೈದಾನದಲ್ಲಿ ಒಂದು ಫುಟ್ಬಾಲ್ ಪಂದ್ಯ ನಡೆಯಿತು. ಆ ದೇಶದ ಲೀಗ್ ವ್ಯವಸ್ಥೆಯಲ್ಲಿ ಅದು ನಾಲ್ಕನೆಯ, ಅಂದರೆ ಕಟ್ಟಕಡೆಯ ದರ್ಜೆಯ ಪಂದ್ಯ. ಆದರೆ ನೋಡಲು ಬಂದವರು 49,118 ಮಂದಿ. ಆ ದರ್ಜೆಯ ಪಂದ್ಯಕ್ಕೆ ಜಗತ್ತಿನಲ್ಲೆಲ್ಲೂ ಅಷ್ಟು ಜನ ಸೇರಿದ್ದಿಲ್ಲ ಎಂದು ಪತ್ರಿಕೆಗಳು ಬರೆದವು. ಆತಿಥೇಯ ತಂಡ ರೇಂಜರ್ಸ್. ಎದುರಾಳಿ, ಫಾಲ್ಕರ್ಕ್ ಎಂಬ ಊರಿನ ಈಸ್ಟ್ ಸ್ಟರ್ಲಿಂಗ್‌ಶೈರ್. ರೇಂಜರ್ಸ್ 5-1ರಿಂದ ಗೆದ್ದಿತು.

ಎಲ್ಲರೂ ಆ ನಲವತ್ತೊಂಬತ್ತು ಸಾವಿರದ ಬಗ್ಗೆ ಮಾತಾಡಿದರು. ನನ್ನ ಮನಸ್ಸು ಹೋದದ್ದು ಸೋತ ತಂಡದ ಬೆಂಬಲಿಗರ ಕಡೆಗೆ. ತನ್ನ ಊರಿನ ಪಂದ್ಯಕ್ಕೇ ಕೆಲವು ನೂರು ಜನ ಸೇರುವ ಕ್ಲಬ್ಬು ಅದು. ಸೋಲು ಹೆಚ್ಚುಕಡಿಮೆ ಖಚಿತವೆಂದು ಗೊತ್ತಿದ್ದೂ ಕೈಯಿಂದ ದುಡ್ಡು ಹಾಕಿ ಟಿಕೆಟ್ ಕೊಂಡು ಪರ ಊರಿಗೆ ಹೊರಡುವ ಮನುಷ್ಯನ ತಲೆಯಲ್ಲಿ ಏನಿರುತ್ತದೆ? ಅದನ್ನು ಹುಚ್ಚು ಎನ್ನಬೇಕೆ, ನಿಷ್ಠೆ ಎನ್ನಬೇಕೆ? ನಿಷ್ಠೆಯೇ ಎಂದಾದರೆ ಅದು ಯಾವಾಗಲೂ ಸದ್ಗುಣವೇ? ಈ ಪ್ರಶ್ನೆ ಫುಟ್ಬಾಲಿಗೆ ಮಾತ್ರ ಸೇರಿದ್ದಲ್ಲ. ಆದರೆ ಒಂದು ತಂಡದ ಹಿಂದೆ ಒಂದಿಡೀ ಋತು ಊರೂರು ತಿರುಗುವವರನ್ನು ನೋಡಿದರೆ ಈ ಗಂಟು ಸ್ವಲ್ಪ ಸಡಿಲವಾಗಬಹುದು ಎಂದು ನನಗನಿಸುತ್ತದೆ.

ರೇಂಜರ್ಸ್‌ನಂಥ ತಂಡ ಕೊನೆಯ ದರ್ಜೆಗೆ ಬಂದದ್ದು ಹೇಗೆ ಎಂಬುದನ್ನು ಮೊದಲು ಹೇಳಬೇಕು. 1872ರಲ್ಲಿ ಹುಟ್ಟಿ, ಅಷ್ಟರಲ್ಲಾಗಲೇ 54 ಬಾರಿ ದೇಶದ ಚಾಂಪಿಯನ್ ಆಗಿದ್ದ ಕ್ಲಬ್ಬು ಅದು. 2011ರಲ್ಲಿ ಅದರ ಒಡೆತನ ಕೇವಲ ಒಂದು ಪೌಂಡಿಗೆ ಕೈ ಬದಲಾಯಿತು. ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯನ್ನು ಕಟ್ಟಲಿಲ್ಲ. 2012ರ ಫೆಬ್ರವರಿಯಲ್ಲಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು, ಜೂನ್ ಹೊತ್ತಿಗೆ ಹಳೆಯ ಕಂಪನಿ ಮುಳುಗಿತು. ಹೊಸ ಕಂಪನಿಯ ಹೆಸರಿನಲ್ಲಿ ತಂಡವನ್ನು ಮತ್ತೆ ಮೇಲಿನ ದರ್ಜೆಗೇ ಸೇರಿಸಿಕೊಳ್ಳಬಹುದಿತ್ತು. ರೇಂಜರ್ಸ್ ಇದ್ದರೆ ಟಿವಿ ಹಣ ಬರುತ್ತದೆ, ಎಲ್ಲರಿಗೂ ಲಾಭ. ಆದರೆ ಉಳಿದ ಕ್ಲಬ್ಬುಗಳ ಬೆಂಬಲಿಗರು ಒಪ್ಪಲಿಲ್ಲ. ತಪ್ಪು ಮಾಡಿದವರನ್ನು ಹಾಗೇ ಬಿಟ್ಟರೆ ನಾವು ಮುಂದಿನ ವರ್ಷದ ಟಿಕೆಟ್ ಕೊಳ್ಳುವುದಿಲ್ಲ ಎಂದು ತಮ್ಮ ತಮ್ಮ ಕ್ಲಬ್ಬುಗಳಿಗೇ ಎಚ್ಚರಿಕೆ ಕೊಟ್ಟರು. ಕೊನೆಗೆ ಕೆಳದರ್ಜೆಯ 30 ಕ್ಲಬ್ಬುಗಳಲ್ಲಿ 25 ಕ್ಲಬ್ಬುಗಳು, ರೇಂಜರ್ಸ್ ಎಲ್ಲರಿಗಿಂತ ಕೆಳಗಿನಿಂದ ಆರಂಭಿಸಲಿ ಎಂದು ಮತ ಹಾಕಿದವು.

ಹೀಗೆ ಶುರುವಾಯಿತು ಆ ಋತು. ಹತ್ತು ತಂಡ, ಪ್ರತಿ ತಂಡಕ್ಕೆ 36 ಪಂದ್ಯ. ಅದರಲ್ಲಿ 18 ಹೊರ ಊರಿನಲ್ಲಿ. ಈಶಾನ್ಯ ತುದಿಯಲ್ಲಿ ಉತ್ತರ ಸಮುದ್ರದ ಮೀನುಗಾರರ ಊರು ಪೀಟರ್‌ಹೆಡ್. ಉತ್ತರದಲ್ಲಿ ಎಲ್ಗಿನ್. ದಕ್ಷಿಣದಲ್ಲಿ ಗಡಿಯ ಬಳಿಯ ಅನಾನ್. ಗಡಿ ದಾಟಿ ಇಂಗ್ಲೆಂಡಿನೊಳಗೇ ಇದ್ದರೂ ಸ್ಕಾಟ್ಲೆಂಡಿನ ಲೀಗ್‌ನಲ್ಲಿ ಆಡುತ್ತಿದ್ದ ಬೆರಿಕ್. ಐವತ್ತು ಸಾವಿರ ಜನ ಕೂರುವ ಹ್ಯಾಂಪ್ಡನ್ ಮೈದಾನದಲ್ಲಿ ಸಂಬಳವಿಲ್ಲದ ಆಟಗಾರರನ್ನು ಇಟ್ಟುಕೊಂಡು ಆಡುತ್ತಿದ್ದ ಕ್ವೀನ್ಸ್ ಪಾರ್ಕ್. ಗ್ಲಾಸ್ಗೋದಿಂದ ಪೀಟರ್‌ಹೆಡ್‌ಗೆ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಶನಿವಾರ ಬೆಳಗಾಗುತ್ತಲೇ ಬಾಡಿಗೆ ಬಸ್ಸು ಹಿಡಿದು, ಕುತ್ತಿಗೆಗೆ ತಂಡದ ಬಣ್ಣದ ಮಫ್ಲರ್ ಸುತ್ತಿಕೊಂಡು ಹೊರಡಬೇಕು. ಬಸ್ಸಿನಲ್ಲಿ ಮದ್ಯ ನಿಷಿದ್ಧ. 1980ರ ಕಪ್ ಫೈನಲ್ ಮುಗಿದ ಮೇಲೆ ರೇಂಜರ್ಸ್ ಮತ್ತು ಸೆಲ್ಟಿಕ್ ಬೆಂಬಲಿಗರು ಮೈದಾನಕ್ಕಿಳಿದು ಹೊಡೆದಾಡಿದ ನಂತರ ಬಂದ ಕಾನೂನು ಅದು. ಮೈದಾನದಲ್ಲಿ ಕುರಿಮಾಂಸದ ಬಿಸಿ ಪೈ, ಒಂದು ಲೋಟ ಚಹಾ. ಎದುರಿನಿಂದ ಕಡಲ ಗಾಳಿ. ತೊಂಬತ್ತು ನಿಮಿಷದ ಆಟ ಮುಗಿದ ಮೇಲೆ ಮತ್ತೆ ಅದೇ ದೂರ ಕತ್ತಲಲ್ಲಿ ವಾಪಸು.

ಇಷ್ಟಾಗಿಯೂ ಕಂಡದ್ದೇನು? ಪೀಟರ್‌ಹೆಡ್‌ನಲ್ಲಿ ರೇಂಜರ್ಸ್ ಕಷ್ಟಪಟ್ಟು 2-2 ಸಮ ಮಾಡಿಕೊಂಡಿತು. ಅಕ್ಟೋಬರ್ ಕೊನೆಯವರೆಗೂ ಹೊರ ಊರಿನಲ್ಲಿ ಒಂದು ಲೀಗ್ ಪಂದ್ಯವನ್ನೂ ಗೆಲ್ಲಲಿಲ್ಲ. ಪಟ್ಟಿಯಲ್ಲಿ ಕೊನೆಯಲ್ಲಿದ್ದ ಸ್ಟರ್ಲಿಂಗ್ ಆಲ್ಬಿಯನ್ 1-0ರಿಂದ ಅದನ್ನು ಸೋಲಿಸಿತು. ಆ ದಿನ ಸ್ಟರ್ಲಿಂಗ್‌ನ ಮ್ಯಾನೇಜರ್ ಮೈದಾನದಲ್ಲೇ ಇರಲಿಲ್ಲ, ಅಂದು ಅವರ ಮದುವೆ! ಎಲ್ಗಿನ್‌ನಲ್ಲಂತೂ ಮೈದಾನದಲ್ಲಿ ಹಿಡಿಸುವುದಕ್ಕಿಂತ ಸಾವಿರಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗಿ, ನವೆಂಬರಿನ ಪಂದ್ಯವನ್ನು ಎರಡು ದಿನ ಮೊದಲು ಮುಂದೂಡಬೇಕಾಯಿತು. ಆದರೂ ಬಸ್ಸುಗಳು ಹೊರಡುತ್ತಲೇ ಇದ್ದವು.

ಇದಕ್ಕೆ ಸುಲಭದ ಉತ್ತರವೊಂದಿದೆ. ದೊಡ್ಡ ಕ್ಲಬ್ಬು, ಇಂದಲ್ಲ ನಾಳೆ ಮೇಲೆ ಬರುತ್ತದೆ, ಆ ಆಸೆಯಿಂದ ಹೋಗುತ್ತಾರೆ. ರೇಂಜರ್ಸ್ ಮಟ್ಟಿಗೆ ಈ ಉತ್ತರ ಸರಿಯಿರಬಹುದು. ಆದರೆ ಈಸ್ಟ್ ಸ್ಟರ್ಲಿಂಗ್‌ಶೈರ್ ಬೆಂಬಲಿಗನಿಗೆ ಯಾವ ಆಸೆ? ಆತನ ತಂಡ 2003ರಿಂದ 2007ರವರೆಗೆ ಸತತ ಐದು ಋತು ಕೊನೆಯ ದರ್ಜೆಯಲ್ಲಿ ಕೊನೆಯ ಸ್ಥಾನದಲ್ಲಿ ನಿಂತಿತ್ತು. 2003-04ರಲ್ಲಿ 36 ಪಂದ್ಯಗಳಿಂದ ಅದು ಗಳಿಸಿದ್ದು 8 ಅಂಕ, ಎಲ್ಲ ಗೆದ್ದಿದ್ದರೆ 108 ಸಿಗುತ್ತಿತ್ತು. ಆಟಗಾರರಿಗೆ ವಾರಕ್ಕೆ ಹತ್ತು ಪೌಂಡ್ ಸಂಬಳ ಎಂದು ಪತ್ರಿಕೆಗಳು ನಕ್ಕವು. ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಜಗದ್ವಿಖ್ಯಾತರಾದ ಅಲೆಕ್ಸ್ ಫರ್ಗ್ಯೂಸನ್ 1974ರಲ್ಲಿ ಮೊದಲು ಮ್ಯಾನೇಜರ್ ಆದದ್ದು ಇಲ್ಲೇ. ಆದರೆ ಅವರೂ ಕೆಲವೇ ತಿಂಗಳಲ್ಲಿ ಬೇರೆ ಕಡೆಗೆ ಹೋದರು. ಹೋಗಬಹುದಾದವರೆಲ್ಲ ಹೋದರು. ಉಳಿದವನು ಬೆಂಬಲಿಗ ಮಾತ್ರ.

ಉಳಿದದ್ದಷ್ಟೇ ಅಲ್ಲ, ಒಮ್ಮೆ ಅವನು ಕ್ಲಬ್ಬನ್ನು ವಾಪಸು ತಂದೂ ಇದ್ದಾನೆ. 1964ರಲ್ಲಿ ಮಾಲೀಕರು ಈ ಕ್ಲಬ್ಬನ್ನು ಇನ್ನೊಂದರೊಡನೆ ಸೇರಿಸಿ ಕ್ಲೈಡ್‌ಬ್ಯಾಂಕ್ ಎಂಬ ಬೇರೆ ಊರಿಗೆ ಕೊಂಡೊಯ್ದರು. ವ್ಯಾಪಾರದ ಲೆಕ್ಕದಲ್ಲಿ ಅದು ಜಾಣತನವೇ ಇದ್ದೀತು. ಆದರೆ ಫಾಲ್ಕರ್ಕ್‌ನ ಸಣ್ಣಪುಟ್ಟ ಷೇರುದಾರರು ನ್ಯಾಯಾಲಯಕ್ಕೆ ಹೋದರು, ಗೆದ್ದರು. 1965ರಲ್ಲಿ ಕ್ಲಬ್ಬು ತನ್ನ ಊರಿಗೆ ಮರಳಿತು. ಮರಳಿ ಬಂದು ಏನು ಮಾಡಿತು? ಸೋಲಲು ಶುರು ಮಾಡಿತು ಎಂದು ಯಾರಾದರೂ ಕುಹಕವಾಡಬಹುದು. ಆದರೆ ಆ ಷೇರುದಾರರು ನ್ಯಾಯಾಲಯದಲ್ಲಿ ಕೇಳಿದ್ದು ಗೆಲುವನ್ನಲ್ಲ, ತಮ್ಮ ಊರಿನ ತಂಡವನ್ನು.

ಉರ್ದು ಓದಿ ಬೆಳೆದ ನನ್ನಂಥವರಿಗೆ ಇಲ್ಲಿ ‘ವಫಾ’ ಎಂಬ ಪದ ನೆನಪಾಗದೆ ಇರದು. ಕನ್ನಡದಲ್ಲಿ ನಿಷ್ಠೆ ಎನ್ನುತ್ತೇವೆ, ಆದರೆ ವಫಾದ ಹಿಂದೆ ಒಂದು ನೋವಿನ ಕಥೆ ಇರುತ್ತದೆ. ಉರ್ದು ಕಾವ್ಯದ ಪ್ರೇಮಿ ವಫಾ ತೋರುವುದು ತನ್ನನ್ನು ಕಣ್ಣೆತ್ತಿಯೂ ನೋಡದ ಬೇವಫಾ ಪ್ರಿಯೆಗೆ. ಪ್ರತಿಫಲ ಸಿಕ್ಕ ಮೇಲೆ ತೋರುವ ನಿಷ್ಠೆಯಲ್ಲಿ ಲೆಕ್ಕಾಚಾರ ಎಷ್ಟು, ಪ್ರೀತಿ ಎಷ್ಟು ಎಂದು ತಿಳಿಯುವುದು ಕಷ್ಟ. ಸೋಲಿನಲ್ಲಿ ಆ ಎರಡೂ ತಾವಾಗಿಯೇ ಬೇರೆಯಾಗುತ್ತವೆ. ಆಟಗಾರರು ಬದಲಾಗುತ್ತಾರೆ, ಮಾಲೀಕರು ಬದಲಾಗುತ್ತಾರೆ, ಮೈದಾನ ಕೂಡ ಬದಲಾಗುತ್ತದೆ. ರೇಂಜರ್ಸ್ ವಿಷಯದಲ್ಲಿ ಕಂಪನಿಯೇ ಬದಲಾಯಿತು, ಇದು ಹಳೆಯ ಕ್ಲಬ್ಬೋ ಹೊಸದೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಹಾಗಾದರೆ ಬೆಂಬಲಿಗ ನಿಷ್ಠನಾಗಿರುವುದು ಯಾವುದಕ್ಕೆ? ಬಹುಶಃ ತನ್ನ ಪಕ್ಕದ ಸೀಟಿನಲ್ಲಿ ಕೂತು ಇಪ್ಪತ್ತು ವರ್ಷಗಳಿಂದ ಜೊತೆಗೆ ಸೋಲುತ್ತಿರುವ ಇನ್ನೊಬ್ಬ ಬೆಂಬಲಿಗನಿಗೆ.

ಇಲ್ಲಿಗೇ ನಿಲ್ಲಿಸಿದರೆ ಈ ಬರಹ ಬರೀ ಹೊಗಳಿಕೆಯಾಗುತ್ತದೆ. ರೇಂಜರ್ಸ್ ಮುಳುಗಿದಾಗ ಹಣ ಬರಬೇಕಿದ್ದವರ ಒಂದು ಉದ್ದದ ಪಟ್ಟಿ ಹೊರಬಂತು. ತೆರಿಗೆ ಇಲಾಖೆಯ ಕೋಟಿಗಟ್ಟಲೆ ಬಾಕಿಯ ಜೊತೆಗೆ ಅದರಲ್ಲಿ ಇನ್ನೊಂದು ಸಾಲು ಇತ್ತು: ಮಕ್ಕಳ ಮುಖಕ್ಕೆ ಬಣ್ಣ ಬಳಿಯುವ ಕೆಲಸದವರೊಬ್ಬರಿಗೆ ಕೊಡಬೇಕಿದ್ದ 40 ಪೌಂಡ್. ಆ ಸಾಲು ಓದಿದಾಗ ನನಗೆ ಇಡೀ ಪ್ರಕರಣದ ಅರ್ಥವಾಯಿತು. ಪೀಟರ್‌ಹೆಡ್‌ನ ಗಾಳಿಯಲ್ಲಿ ನಿಂತ ಬೆಂಬಲಿಗನ ಪ್ರೀತಿ ಎಷ್ಟೇ ದೊಡ್ಡದಾಗಿರಲಿ, ಅದು ಆ ನಲವತ್ತು ಪೌಂಡನ್ನು ತೀರಿಸುವುದಿಲ್ಲ. ‘ನನ್ನ ತಂಡಕ್ಕೆ ಅನ್ಯಾಯವಾಯಿತು’ ಎಂದು ಕೂಗುವ ಮೊದಲು ‘ನನ್ನ ತಂಡದಿಂದ ಯಾರಿಗೆ ಅನ್ಯಾಯವಾಯಿತು’ ಎಂದು ಕೇಳಿಕೊಳ್ಳಬೇಕಾಗುತ್ತದೆ. ಕೇಳಿಕೊಂಡೂ ಜೊತೆಗಿರಬಹುದು. ಮನೆಯ ಮಗ ತಪ್ಪು ಮಾಡಿ ಜೈಲಿಗೆ ಹೋದರೆ ತಾಯಿ ನೋಡಲು ಹೋಗುತ್ತಾಳೆ. ಆದರೆ ಅವನು ತಪ್ಪೇ ಮಾಡಿಲ್ಲವೆಂದು ಊರೆಲ್ಲ ಸುಳ್ಳು ಹೇಳುತ್ತಾ ತಿರುಗಿದರೆ ಆ ಪ್ರೀತಿ ಮಗನಿಗೂ ಒಳ್ಳೆಯದಲ್ಲ, ಊರಿಗೂ ಅಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಹದಿನಾಲ್ಕನೆಯ ಶತಮಾನದ ಚಿಂತಕ ಇಬ್ನ್ ಖಲ್ದೂನ್ ‘ಅಸಬಿಯತ್’ ಎಂಬುದರ ಬಗ್ಗೆ ಬರೆದರು. ಒಂದು ಗುಂಪಿನವರನ್ನು ಒಟ್ಟಿಗೆ ಹಿಡಿದಿಡುವ ಬಂಧ ಅದು. ರಾಜ್ಯಗಳನ್ನು ಕಟ್ಟುವ ಶಕ್ತಿಯೇ ಅದು ಎಂದು ಅವರು ಕಂಡರು. ಅದೇ ಧಾತುವಿನಿಂದ ಬಂದ ‘ತಅಸ್ಸುಬ್’ ಎಂಬ ಮಾತಿಗೆ ಉರ್ದುವಿನಲ್ಲಿ ಪೂರ್ವಗ್ರಹ, ಕುರುಡು ಪಕ್ಷಪಾತ ಎಂಬ ಅರ್ಥ. ಒಂದೇ ಬೇರು, ಎರಡು ಫಲ. ಗ್ಲಾಸ್ಗೋದಲ್ಲಿ ಈ ಎರಡನ್ನೂ ಕಾಣಬಹುದು. ರೇಂಜರ್ಸ್ ಪ್ರೊಟೆಸ್ಟೆಂಟರ ತಂಡ, ಸೆಲ್ಟಿಕ್ ಐರ್ಲೆಂಡಿನಿಂದ ವಲಸೆ ಬಂದ ಕ್ಯಾಥೊಲಿಕರ ತಂಡ ಎಂದು ನೂರು ವರ್ಷಕ್ಕೂ ಹಿಂದಿನಿಂದ ನಡೆದುಬಂದಿದೆ. 1989ರಲ್ಲಿ ರೇಂಜರ್ಸ್ ಮೋ ಜಾನ್‌ಸ್ಟನ್ ಎಂಬ ಕ್ಯಾಥೊಲಿಕ್ ಆಟಗಾರನನ್ನು ಸೇರಿಸಿಕೊಂಡಾಗ ಕೆಲವು ಬೆಂಬಲಿಗರು ತಮ್ಮದೇ ತಂಡದ ಮಫ್ಲರನ್ನು ಸುಟ್ಟರು. ಆತ ಚೆನ್ನಾಗಿ ಆಡುತ್ತಾನೋ ಇಲ್ಲವೋ ಎಂಬುದು ಅವರಿಗೆ ಪ್ರಶ್ನೆಯೇ ಆಗಿರಲಿಲ್ಲ. ಇಂಥ ಹಾಡು, ಇಂಥ ಬೈಗುಳ ಎರಡೂ ಕಡೆ ಇವೆ. ಅದನ್ನು ತಡೆಯಲು 2012ರಲ್ಲಿ ಒಂದು ಕಾನೂನು ತಂದರು, 2018ರಲ್ಲಿ ಅದನ್ನು ರದ್ದು ಮಾಡಿದರು. ಮನಸ್ಸಿನೊಳಗಿನದನ್ನು ಕಾನೂನು ಎಷ್ಟರಮಟ್ಟಿಗೆ ತೊಳೆಯಬಲ್ಲದು?

ಆ 2012ರ ಯಾತ್ರೆಯ ಕೊನೆ ಹೇಗಾಯಿತು ಎಂಬುದನ್ನು ನೋಡಿ. ರೇಂಜರ್ಸ್ ಆ ವರ್ಷ ದರ್ಜೆ ಗೆದ್ದಿತು, 2016ರಲ್ಲಿ ಮೇಲಿನ ಲೀಗ್‌ಗೆ ಮರಳಿತು, 2021ರಲ್ಲಿ 55ನೆಯ ಬಾರಿ ಚಾಂಪಿಯನ್ ಆಯಿತು. ಆದರೆ ಅದು ಕೊರೊನಾ ಕಾಲ. ಮೈದಾನಗಳು ಖಾಲಿ. ಎಲ್ಗಿನ್, ಅನಾನ್, ಬೆರಿಕ್ ಎಂದು ಅಲೆದವನಿಗೆ ಗೆಲುವಿನ ದಿನ ತನ್ನ ಸೀಟಿನಲ್ಲಿ ಕೂರುವ ಭಾಗ್ಯ ಇರಲಿಲ್ಲ. ಇದು ಅನ್ಯಾಯ ಅನಿಸುತ್ತದೆ. ಆದರೆ ವಫಾದ ಸತ್ಯವೂ ಇದರಲ್ಲೇ ಇದೆ. ಅವನು ಪಟ್ಟ ಶ್ರಮ ಆ ದಿನಕ್ಕಾಗಿ ಕಟ್ಟಿದ ಮುಂಗಡವಲ್ಲ. ದುಃಖದ ಸಂಗತಿಯೆಂದರೆ, ಆ ಮೇ ತಿಂಗಳಲ್ಲಿ ನಿರ್ಬಂಧಗಳನ್ನು ಮೀರಿ ಸಾವಿರಾರು ಮಂದಿ ನಗರದ ಜಾರ್ಜ್ ಸ್ಕ್ವೇರ್‌ನಲ್ಲಿ ಸೇರಿದರು. ಪೊಲೀಸರೊಡನೆ ಘರ್ಷಣೆಯಾಯಿತು. ಕ್ಯಾಥೊಲಿಕರನ್ನು ಹೀಯಾಳಿಸುವ ಕೂಗೂ ಎದ್ದಿತು. ಸೋಲಿನ ಊರುಗಳಲ್ಲಿ ಒಂಬತ್ತು ವರ್ಷ ಮಾಗಿದ ಪ್ರೀತಿ ಗೆಲುವಿನ ಒಂದು ಸಂಜೆಯಲ್ಲಿ ಕೆಲವರಲ್ಲಿ ತಅಸ್ಸುಬ್ ಆಗಿಬಿಟ್ಟಿತು.

ಹಾಗಾದರೆ ಇವೆರಡರ ನಡುವಿನ ಗೆರೆ ಎಲ್ಲಿದೆ? ನನಗೆ ಹೊಳೆಯುವ ಉತ್ತರ ಸರಳವಾದದ್ದು. ಪರ ಊರಿಗೆ ಹೋಗುವ ಬೆಂಬಲಿಗ ಅಲ್ಲಿ ಒಬ್ಬ ಮೆಹಮಾನ್, ಅತಿಥಿ. ಅವರ ಗೇಟಿನಲ್ಲಿ ಟಿಕೆಟ್ ಕೊಳ್ಳುತ್ತಾನೆ, ಅವರ ಪೈ ತಿನ್ನುತ್ತಾನೆ, ಅವರ ಬೀದಿಯಲ್ಲಿ ನಡೆಯುತ್ತಾನೆ. ಎದುರಾಳಿ ಇಲ್ಲದಿದ್ದರೆ ಅವನ ತಂಡಕ್ಕೆ ಆಟವೇ ಇಲ್ಲ. ಇದು ನೆನಪಿರುವವರೆಗೆ ಅವನ ನಿಷ್ಠೆ ಸದ್ಗುಣ. 2003ರಲ್ಲಿ ಸೆಲ್ಟಿಕ್ ತಂಡದ ಹತ್ತಾರು ಸಾವಿರ ಬೆಂಬಲಿಗರು ಯುಇಎಫ್‌ಎ ಕಪ್ ಫೈನಲ್‌ಗೆಂದು ಸ್ಪೇನಿನ ಸೆವಿಲ್ ನಗರಕ್ಕೆ ಹೋದರು. ಬಹಳಷ್ಟು ಜನರ ಕೈಯಲ್ಲಿ ಟಿಕೆಟ್ಟೂ ಇರಲಿಲ್ಲ. ತಂಡ ಪೋರ್ಟೊ ಎದುರು 3-2ರಿಂದ ಸೋತಿತು. ಆದರೂ ಅವರು ನಡೆದುಕೊಂಡ ರೀತಿಗೆ ಅಂತರರಾಷ್ಟ್ರೀಯ ಫುಟ್ಬಾಲ್ ಸಂಸ್ಥೆ ಫಿಫಾ ಆ ವರ್ಷದ ಫೇರ್ ಪ್ಲೇ ಪ್ರಶಸ್ತಿ ಕೊಟ್ಟಿತು. ಗ್ಲಾಸ್ಗೋದ ಬೀದಿಯಲ್ಲಿ ಪರಸ್ಪರ ಮುಖ ಸಿಂಡರಿಸುವವರೇ ದೂರದ ಊರಿನಲ್ಲಿ ಒಳ್ಳೆಯ ಅತಿಥಿಗಳಾಗಬಲ್ಲರು. ಪಕ್ಕದ ಓಣಿಯವನ ಎದುರಿಗೂ ಹಾಗೆಯೇ ಇರುವುದು ಎಷ್ಟು ಕಷ್ಟ ಎಂಬುದು ಗ್ಲಾಸ್ಗೋದವರಿಗೆ ಮಾತ್ರ ಗೊತ್ತಿರುವ ಸಂಗತಿಯೇನಲ್ಲ.

ಈಸ್ಟ್ ಸ್ಟರ್ಲಿಂಗ್‌ಶೈರ್ ಕಥೆ ಗೆಲುವಿನಲ್ಲಿ ಮುಗಿಯುವುದಿಲ್ಲ. 2012-13ರಲ್ಲಿ ಅದು ಮತ್ತೆ ಕೊನೆಯ ಸ್ಥಾನದಲ್ಲಿ ನಿಂತಿತು. 2016ರಲ್ಲಿ ಎಡಿನ್‌ಬರ್ಗ್ ಸಿಟಿ ಎದುರು ಪ್ಲೇ ಆಫ್ ಸೋತು ಲೀಗ್‌ನಿಂದಲೇ ಹೊರಬಿತ್ತು. ಹೊಸ ಪದ್ಧತಿಯಲ್ಲಿ ಹೀಗೆ ಹೊರಬಿದ್ದ ಮೊದಲ ಕ್ಲಬ್ಬು ಅದೇ. ಅದಕ್ಕೂ ಮೊದಲೇ, 2008ರಲ್ಲಿ ತನ್ನ ಹಳೆಯ ಮೈದಾನವನ್ನೂ ಬಿಟ್ಟುಕೊಟ್ಟಿತ್ತು. ಪರರ ಮೈದಾನದಲ್ಲಿ ಆಡುವ ತಂಡದ ಬೆಂಬಲಿಗನಿಗೆ ತನ್ನ ಊರಿನ ಪಂದ್ಯವೂ ಒಂದು ಪ್ರಯಾಣವೇ. ಮುಂದಿನ ಆಗಸ್ಟಿನಲ್ಲಿ ಆ ಸೋತ ಕ್ಲಬ್ಬು ಇನ್ನೂ ಕೆಳಗಿನ ಲೀಗ್‌ನಲ್ಲಿ ಆಟ ಶುರು ಮಾಡಿತು. ಅದೇ ಕಪ್ಪು ಬಿಳುಪು ಮಫ್ಲರ್ ಸುತ್ತಿಕೊಂಡು ಅಲ್ಲಿಗೂ ಹೋದವರಿದ್ದರು.

ಅವರನ್ನು ಹುಚ್ಚರೆನ್ನಲು ನನಗೆ ಮನಸ್ಸು ಬರುವುದಿಲ್ಲ. ಯಾರನ್ನೂ ದ್ವೇಷಿಸದೆ, ಏನನ್ನೂ ಗೆಲ್ಲದೆ, ತಮ್ಮದು ಎನ್ನುವ ಒಂದನ್ನು ಬಿಟ್ಟುಕೊಡದೆ ಇರುವುದು ಅವರಿಗೆ ಸಾಧ್ಯವಾಗಿದೆ. ನಮ್ಮದು ಎಂದು ನಾವು ಎದೆ ತಟ್ಟಿಕೊಳ್ಳುವ ಎಷ್ಟು ಸಂಗತಿಗಳ ಬಗ್ಗೆ ಈ ಮಾತನ್ನು ಹೇಳಬಲ್ಲೆವು?